ಮಳೆಗಾಲ ಬಂತು: ಬಿಟ್ಟುಹೋದ ನಾಯಿ, ಬೆಕ್ಕುಗಳಿಗೆ ಹದಿನೈದು ದಿನದ ಮನೆ ಬೇಕು (ಕಾರವಾರ, ಅಂಕೋಲಾ, ಕುಮಟಾ, ಶಿರಸಿ)

ಕಾಳಿದಂಡೆ

ಎಲ್ಲರಿಗೂ ನಮಸ್ಕಾರ. ಮೇ ಮುಗಿಯುತ್ತಾ ಬಂತು. ಇನ್ನು ನಮ್ಮ ಫೋನ್‌ಗಳಿಗೆ ಬಿಡುವಿಲ್ಲ. "ಮೀನು ಮಾರ್ಕೆಟ್ ಹತ್ತಿರ ಬಾಕ್ಸಿನಲ್ಲಿ ಮರಿ ಬಿಟ್ಟಿದ್ದಾರೆ", "ಹೈವೇ ಬದಿಯಲ್ಲಿ ಬೆಲ್ಟ್ ಇರುವ ನಾಯಿ ಓಡಾಡ್ತಾ ಇದೆ", "ಮಾಡಿನ ಮೇಲೆ ಬೆಕ್ಕಿನ ಮರಿ ಕೂಗ್ತಾ ಇದೆ, ಯಾರಾದರೂ ಬನ್ನಿ". ಪ್ರತಿ ವರ್ಷ ಜೂನ್ ಹತ್ತಿರ ಬಂದರೆ ಇದೇ ಆಗುತ್ತದೆ.

ಕಾರಣ ಕಣ್ಣೆದುರೇ ಇದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬೈತಖೋಲ ಬಂದರಿನಲ್ಲಿ ಬಲೆ ಝಾಡಿಸುವಾಗ ಬಿದ್ದ ಮೀನು ತಿಂದು ಬದುಕಿದ ಬೆಕ್ಕು, ನಾಯಿಗಳಿಗೆ ಆ 61 ದಿನ ಹೊಟ್ಟೆಗೆ ದಾರಿ ಇಲ್ಲ. ಗೋಕರ್ಣದಲ್ಲಿ ಕುಡ್ಲೆ, ಓಂ ಬೀಚಿನ ಅಂಗಡಿಗಳು ಮಳೆಗೆ ಮುಚ್ಚುತ್ತವೆ. ವರ್ಗಾವಣೆ ಆದವರು ಕ್ವಾರ್ಟರ್ಸ್ ಖಾಲಿ ಮಾಡುವುದೂ ಇದೇ ಹೊತ್ತಿಗೆ. ಸಾಮಾನು ಲಾರಿಗೆ ಏರುತ್ತದೆ, ನಾಯಿ ಗೇಟಿನ ಹೊರಗೆ ಉಳಿಯುತ್ತದೆ. ಪ್ರತಿ ವರ್ಷ ಒಂದೇ ತಿಂಗಳಲ್ಲಿ ಆಗುವುದಕ್ಕೆ ನಾವು ಮೊದಲೇ ತಯಾರಾಗಬಹುದಲ್ವಾ? ಅದಕ್ಕೇ ಈ ಚರ್ಚೆ ಶುರು ಮಾಡಿದ್ದು.

ಈಗ ನಮ್ಮ ಹತ್ತಿರ ಇರುವವರು:

ಎರಡು ಹೆಣ್ಣುಮರಿ, ಸುಮಾರು ಎರಡು ತಿಂಗಳು. ನಾಡು ನಾಯಿ. ಒಂದು ಬಿಳಿ, ಒಂದು ಕಂದು. ಚೆನ್ನಾಗಿ ತಿನ್ನುತ್ತವೆ.

ಬೆಕ್ಕಿನ ಮರಿ ಮೂರು. ಕಣ್ಣು ಬಿಟ್ಟಿವೆ, ಇನ್ನೂ ಹಾಲು ಬೇಕು.

ಒಂದು ಲ್ಯಾಬ್ರಡಾರ್, ಗಂಡು, ವಯಸ್ಸು ಏಳೆಂಟು ಇರಬಹುದು. ಬಿಣಗಾ ಹತ್ತಿರ ಹೈವೇಯಲ್ಲಿ ಸಿಕ್ಕಿತು. ಕುತ್ತಿಗೆ ಸುತ್ತ ಬೆಲ್ಟ್ ಇದ್ದ ಜಾಗದಲ್ಲಿ ಕೂದಲು ಸವೆದು ಚರ್ಮ ಕಾಣುತ್ತದೆ, ಬೆಲ್ಟ್ ಮಾತ್ರ ಇಲ್ಲ. ಬಿಚ್ಚಿಯೇ ಬಿಟ್ಟಿದ್ದಾರೆ. ಅನ್ನ ಇಟ್ಟರೆ ತಟ್ಟೆಯ ಮುಂದೆ ಕೂತು ನಮ್ಮ ಮುಖ ನೋಡುತ್ತದೆ. ಬಾಯಲ್ಲಿ ನೀರು ಸುರಿಯುತ್ತಿದ್ದರೂ "ತಿನ್ನು" ಅನ್ನುವ ತನಕ ಮುಟ್ಟುವುದಿಲ್ಲ. ಯಾರೋ ಇದಕ್ಕೆ ಕೂತು ಕಲಿಸಿದ್ದಾರೆ. ಕಲಿಸಿದವರೇ ಬಿಟ್ಟು ಹೋಗಿದ್ದಾರೆ ಅನ್ನುವುದು ನನಗೆ ಇನ್ನೂ ಅರಗುತ್ತಿಲ್ಲ.

ನಮಗೆ ಈಗ ಬೇಕಾದ್ದು ದುಡ್ಡಲ್ಲ. ಹದಿನೈದು ದಿನ ಇಟ್ಟುಕೊಳ್ಳುವ ಮನೆಗಳು. ಜಗುಲಿಯ ಒಂದು ಮೂಲೆ, ಬಚ್ಚಲ ಪಕ್ಕದ ಕೋಣೆ, ಖಾಲಿ ಇರುವ ಕೊಟ್ಟಿಗೆ, ಯಾವುದಾದರೂ ಅಡ್ಡಿಲ್ಲ. ಊಟ, ಔಷಧಿ, ಲಸಿಕೆ ಖರ್ಚು ನಮ್ಮದು. ಕಾಯಂ ಮನೆ ಹುಡುಕುವ ಜವಾಬ್ದಾರಿಯೂ ನಮ್ಮದೇ.

ಸದಾಶಿವಗಡ 581

ಒಳ್ಳೆಯ ಕೆಲಸ. ಆದರೆ ಹೀಗೆ ಮನೆ ಮನೆ ಬೇಡುವುದಕ್ಕಿಂತ ಒಂದು ಶೆಲ್ಟರ್ ಕಟ್ಟಬಾರದಾ? ನಗರಸಭೆಗೆ ಅರ್ಜಿ ಹಾಕಿ ಜಾಗ ಕೇಳೋಣ. ಊರವರೆಲ್ಲ ಸೇರಿದರೆ ಶೀಟ್, ಮೆಶ್‌ಗೆ ದುಡ್ಡು ಆಗುತ್ತದೆ. ನಾನು ಸಿಮೆಂಟಿಗೆ ಕೊಡುತ್ತೇನೆ.

ಬೈತಖೋಲ ಹುಡುಗ

ಹೌದು, ಶೆಲ್ಟರ್ ಬೇಕೇ ಬೇಕು. ಮಂಗಳೂರಲ್ಲಿ ಇದೆ, ಗೋವಾದಲ್ಲಿ ಇದೆ. ನಮ್ಮಲ್ಲಿ ಯಾಕೆ ಇಲ್ಲ?

ಕಾಳಿದಂಡೆ

ಸದಾಶಿವಗಡದ ಅಣ್ಣ, ನೀವು ಕೊಡುತ್ತೇನೆ ಅಂದಿದ್ದಕ್ಕೆ ಮನಸ್ಸು ತುಂಬಿತು. ಆದರೂ ನನ್ನ ಅಭಿಪ್ರಾಯ ಬೇರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮರಿಗಳಿಗೆ ಶೆಲ್ಟರ್‌ನಷ್ಟು ಅಪಾಯದ ಜಾಗ ಬೇರೆ ಇಲ್ಲ. ಪಾರ್ವೋ ಅಂತ ಒಂದು ಕಾಯಿಲೆ ಇದೆ. ವಾಂತಿ, ರಕ್ತಭೇದಿ, ಎರಡು ಮೂರು ದಿನದಲ್ಲಿ ಮರಿ ಹೋಗಿಬಿಡುತ್ತದೆ. ಅದರ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ಕಾಯಿಲೆ ಮರಿ ಬಂದು ಹೋದ ಜಾಗಕ್ಕೆ ಆಮೇಲೆ ಬಂದ ಮರಿಗೂ ಹಿಡಿಯುತ್ತದೆ. ಬೇರೆ ಬೇರೆ ಬೀದಿಯ ಮರಿಗಳನ್ನು ಒಂದೇ ಶೆಡ್ಡಿನಲ್ಲಿ ಹಾಕಿ, ಮೇಲೆ ಕರಾವಳಿಯ ಮಳೆ, ನೆಲ ಒಣಗುವುದೇ ಇಲ್ಲ, ಏನಾಗಬಹುದು ನೀವೇ ಯೋಚಿಸಿ. ಅದೇ ಮರಿ ಒಬ್ಬರ ಮನೆಯಲ್ಲಿ ಒಂಟಿಯಾಗಿದ್ದರೆ ಕಾಯಿಲೆ ಇದ್ದರೂ ಅಲ್ಲೇ ನಿಲ್ಲುತ್ತದೆ. ಪಾರ್ವೋ ಸೋಂಕು ತಗುಲಿದ್ದರೆ ಎರಡು ವಾರದ ಒಳಗೆ ಲಕ್ಷಣ ಕಾಣುತ್ತದೆ. ನಾನು ಹದಿನೈದು ದಿನ ಅಂತ ಕೇಳುತ್ತಿರುವುದು ಇದೇ ಕಾರಣಕ್ಕೆ.

ಇನ್ನೊಂದು. ಬೋರ್ಡ್ ಹಾಕಿದ ಮಾರನೇ ದಿನದಿಂದ ಗೇಟಿನ ಮುಂದೆ ಗೋಣಿಚೀಲ ಬೀಳುತ್ತವೆ. ಎಲ್ಲ ಊರಲ್ಲೂ ಶೆಲ್ಟರ್ ನಡೆಸುವವರು ಹೇಳುವ ಮಾತು ಇದು. "ಅಲ್ಲಿ ಬಿಟ್ಟರೆ ನೋಡಿಕೊಳ್ತಾರೆ" ಅಂತ ಜನರಿಗೆ ಮನಸ್ಸು ಹಗುರ ಆಗುತ್ತದೆ. ಶೆಡ್ ಕಟ್ಟಲು ಒಮ್ಮೆ ದುಡ್ಡು ಸಿಗಬಹುದು. ದಿನಾ ಬೆಳಿಗ್ಗೆ ಐವತ್ತು ನಾಯಿಗೆ ಅನ್ನ ಬೇಯಿಸುವವರು, ಹೇಲು ತೊಳೆಯುವವರು, ರಾತ್ರಿ ಕಾಯುವವರು ಯಾರು?

ಶೆಲ್ಟರ್ ಬೇಡವೇ ಬೇಡ ಅನ್ನುತ್ತಿಲ್ಲ. ಕಾಲು ಮುರಿದದ್ದು, ಕಣ್ಣು ಹೋದದ್ದು, ಯಾರೂ ಒಯ್ಯದ ಮುದಿ ನಾಯಿ, ಇವಕ್ಕೆ ಜಾಗ ಬೇಕು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲ್ವೆ ನಿಲ್ದಾಣದ ಆವರಣದಲ್ಲಿರುವ ಬೀದಿ ನಾಯಿಗಳನ್ನು ಹಿಡಿದು ಶೆಲ್ಟರ್‌ಗೆ ಸೇರಿಸಬೇಕು, ಮತ್ತೆ ಅಲ್ಲೇ ಬಿಡಬಾರದು ಅಂತ ಹೇಳಿತು. ಹಾಗಾಗಿ ಜಾಗ ಮಾಡುವುದು ಸ್ಥಳೀಯ ಸಂಸ್ಥೆಯ ಕೆಲಸ. ಅದನ್ನು ಕೇಳೋಣ, ಅರ್ಜಿಗೆ ನಾನೂ ಸಹಿ ಹಾಕುತ್ತೇನೆ. ಆದರೆ ಈ ಜೂನ್‌ಗೆ ಅದು ಆಗುವುದಿಲ್ಲ. ಈ ಜೂನ್‌ಗೆ ಜಗುಲಿಗಳು ಬೇಕು.

ಹಳೇ ಇನ್‌ಸ್ಪೆಕ್ಟರ್

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕಾಳಿದಂಡೆಯವರು ಬರೆದದ್ದು ಸರಿ. ಮರಿ ಇಟ್ಟುಕೊಳ್ಳುವವರಿಗೆ ಕೆಲವು ಮಾತು.

ಆಕಳ ಹಾಲು ಕುಡಿಸಬೇಡಿ. ಭೇದಿ ಆಗುತ್ತದೆ, ಆಮೇಲೆ ಪಾರ್ವೋ ಅಂತ ಹೆದರುತ್ತೀರಿ. ಎರಡು ತಿಂಗಳ ಮರಿಗೆ ಹಾಲೇ ಬೇಕಾಗಿಲ್ಲ. ಮೆತ್ತಗೆ ಬೇಯಿಸಿದ ಅನ್ನ, ಮುಳ್ಳು ತೆಗೆದ ಮೀನು ಅಥವಾ ಮೊಟ್ಟೆ, ಉಪ್ಪು ಖಾರ ಇಲ್ಲದೆ, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ. ಜಂತು ಔಷಧಿ ಮೊದಲು. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ಆಗುವ ತನಕ. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಪ್ರತಿ ವರ್ಷ. ಒಂದೇ ಸೂಜಿ ಹಾಕಿಸಿ "ಎಲ್ಲ ಆಯ್ತು" ಅಂತ ಕೊಡುವವರು ಇದ್ದಾರೆ. ಆಗಿರುವುದಿಲ್ಲ.

ಕಣ್ಣು ಬಿಟ್ಟ ಬೆಕ್ಕಿನ ಮರಿಗೆ ಮಾತ್ರ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಹಾಲಿನ ಪುಡಿ ಬೇಕು. ಬೆನ್ನ ಮೇಲೆ ಮಲಗಿಸಿ ಕುಡಿಸಬೇಡಿ, ಹಾಲು ಶ್ವಾಸಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗೆ ಇರಲಿ. ಮೈ ಬೆಚ್ಚಗಿರಲಿ. ತಣ್ಣಗಾದ ಮರಿಗೆ ಹಾಲು ಕೊಡಲೇಬಾರದು, ಮೊದಲು ಬೆಚ್ಚಗೆ ಮಾಡಿ.

ಮಳೆಗಾಲದಲ್ಲಿ ಗಾಯಕ್ಕೆ ನೊಣ ಕೂತು ಹುಳ ಬೀಳುತ್ತದೆ. ಸೀಮೆಎಣ್ಣೆ, ಫಿನಾಯಿಲ್ ಸುರಿಯಬೇಡಿ. ನಾಯಿ ನೆಕ್ಕಿ ಹೊಟ್ಟೆಗೆ ಹೋಗುತ್ತದೆ. ಮೆಡಿಕಲ್‌ನಲ್ಲಿ ಹುಳದ ಸ್ಪ್ರೇ ಸಿಗುತ್ತದೆ. ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ತೋಟದಮನೆ

ಶಿರಸಿ ಹತ್ತಿರ ನಮ್ಮ ತೋಟ. ಒಂದು ನಾಯಿ ಬೇಕಾಗಿತ್ತು. ಗಂಡು ಮರಿ ಇದ್ದರೆ ಹೇಳಿ. ಹೆಣ್ಣು ಬೇಡ.

ಕಾಳಿದಂಡೆ

ತೋಟದಮನೆಯವರೇ, ಬೇಜಾರು ಮಾಡಿಕೊಳ್ಳಬೇಡಿ. ನಮಗೆ ಬರುವ ಹತ್ತು ಫೋನ್‌ನಲ್ಲಿ ಒಂಬತ್ತು ಹೀಗೇ ಇರುತ್ತವೆ. ಅದಕ್ಕೇ ಬಾಕ್ಸಿನಲ್ಲಿ ಸಿಗುವ ಮರಿಗಳೆಲ್ಲ ಹೆಣ್ಣೇ. ಗಂಡನ್ನು ಇಟ್ಟುಕೊಂಡು ಹೆಣ್ಣನ್ನು ಮಾರ್ಕೆಟ್ ಹತ್ತಿರ ಬಿಡುತ್ತಾರೆ. ಅವುಗಳಲ್ಲಿ ಬದುಕಿದವು ವರ್ಷ ತುಂಬುವುದರೊಳಗೆ ಮರಿ ಹಾಕುತ್ತವೆ, ಆ ಮರಿಗಳಲ್ಲಿ ಹೆಣ್ಣು ಮತ್ತೆ ಅದೇ ಬಾಕ್ಸಿಗೆ.

ಹೆಣ್ಣು ಯಾಕೆ ಬೇಡ? ಮರಿ ಹಾಕುತ್ತದೆ ಅಂತ ತಾನೆ? ಆಪರೇಷನ್ ಮಾಡಿಸಿದರೆ ಆ ತ್ರಾಸೇ ಇಲ್ಲ. ನಮ್ಮಿಂದ ಒಯ್ದ ಹೆಣ್ಣುಮರಿ ವಯಸ್ಸಿಗೆ ಬಂದಾಗ ಆಪರೇಷನ್ ನಾವೇ ಮಾಡಿಸಿಕೊಡುತ್ತೇವೆ. ಮನೆ ಕಾಯುವುದರಲ್ಲಿ ಹೆಣ್ಣು ಏನೂ ಕಡಿಮೆ ಇಲ್ಲ. ಬೆದೆಗೆ ಬಂದ ನಾಯಿಯ ಹಿಂದೆ ಊರೂರು ತಿರುಗಿ ಕಚ್ಚಾಡಿ ಬರುವ ಗಂಡಿಗಿಂತ ಅಂಗಳ ಬಿಟ್ಟು ಹೋಗದ ಹೆಣ್ಣು ವಾಸಿ.

ತೋಟದಮನೆ

ಅದು ಸರಿ. ಮನೆಯಲ್ಲಿ ಕೇಳುತ್ತೇನೆ. ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮಾತು ಬರಬಾರದು. ನಮ್ಮ ಕಡೆ ಚಿರತೆ ಇದೆ. ಹಿಂದಿನ ನಾಯಿಯನ್ನು ಅದೇ ಒಯ್ದಿದ್ದು. ಹಂದಿಗೆ ಅಂತ ಬೆಟ್ಟದಲ್ಲಿ ಉರುಳು ಹಾಕುವವರೂ ಇದ್ದಾರೆ. ಮಳೆಗಾಲದಲ್ಲಿ ಉಂಬಳ (ಜಿಗಣೆ) ಬೇರೆ, ಮೂಗಿನ ಒಳಗೇ ಹೊಕ್ಕುತ್ತದೆ.

ಹಳೇ ಇನ್‌ಸ್ಪೆಕ್ಟರ್

ಹೀಗೆ ಮೊದಲೇ ಹೇಳುವವರು ಒಳ್ಳೆಯ ಮನೆಯವರು. ಚಿರತೆಗೆ ಕಟ್ಟಿಹಾಕಿದ ನಾಯಿ ಅಂದರೆ ಬಡಿಸಿಟ್ಟ ಎಲೆ. ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿ ಬಿಡಬೇಡಿ. ಕತ್ತಲಾಗುತ್ತಲೇ ಕೊಟ್ಟಿಗೆ ಅಥವಾ ಕಟ್ಟಿಗೆಮನೆಯ ಒಳಗೆ ಹಾಕಿ ಬಾಗಿಲು ಮುಚ್ಚಿ. ನಾಯಿ ಒಳಗಿನಿಂದಲೂ ಬೊಗಳುತ್ತದೆ, ನಿಮಗೆ ಎಚ್ಚರ ಆದರೆ ಸಾಕಲ್ಲ. ಉಣ್ಣಿಗೆ ತಿಂಗಳಿಗೊಮ್ಮೆ ಔಷಧಿ ಹಾಕಿ. ಉಣ್ಣಿಜ್ವರ ಬಂದ ನಾಯಿ ಊಟ ಬಿಟ್ಟು ಮೂಲೆ ಸೇರುತ್ತದೆ, ಮೂಗಿನಿಂದ ರಕ್ತ ಬಂದರೂ ಬರಬಹುದು. ಅದನ್ನು ಉಂಬಳ ಅಂತ ಸುಮ್ನೆ ಇದ್ದುಬಿಡಬೇಡಿ.

ಎರಡು ಮಕ್ಕಳ ತಾಯಿ

ನಾಯಿಗಳ ಬಗ್ಗೆ ಇಷ್ಟು ಬರೆಯುತ್ತೀರಿ. ನನ್ನ ಮಗಳಿಗೆ ಟ್ಯೂಷನ್‌ನಿಂದ ಬರುವಾಗ ಕಚ್ಚಿದೆ. ಈಗಲೂ ಆ ರಸ್ತೆಯಲ್ಲಿ ಒಬ್ಬಳೇ ಹೋಗುವುದಿಲ್ಲ. ದೊಡ್ಡ ಅಪಘಾತವಾದರೆ ಮಂಗಳೂರು, ಹುಬ್ಬಳ್ಳಿ, ಗೋವಾಕ್ಕೆ ಓಡಬೇಕಾದ ಜಿಲ್ಲೆ ನಮ್ಮದು. ಮೊದಲು ಮನುಷ್ಯರಿಗೆ ಆಸ್ಪತ್ರೆ ಕೇಳಿ.

ಬೈತಖೋಲ ಹುಡುಗ

ಮೇಡಂ, ನಾಯಿಗೆ ನೀವು ಏನಾದರೂ ಮಾಡಿದ್ದಿರಬಹುದು, ಸುಮ್ನೆ ಕಚ್ಚುವುದಿಲ್ಲ.

ಕಾಳಿದಂಡೆ

ತಮ್ಮಾ, ಆ ಮಾತು ಬೇಡ. ಮಗುವಿಗೆ ನಾಯಿ ಕಚ್ಚಿರುವಾಗ ತಾಯಿಗೆ ಹೀಗೆ ಹೇಳಬಾರದು. ದಯವಿಟ್ಟು ತೆಗೆದುಬಿಡು.

ಅಕ್ಕ, ಮಗಳು ಈಗ ಹೇಗಿದ್ದಾಳೆ? ಲಸಿಕೆಯ ಎಲ್ಲ ಡೋಸ್ ಆಯಿತಾ? ಸರ್ಕಾರಿ ಆಸ್ಪತ್ರೆಯಲ್ಲಿ ಕಚ್ಚಿದ ದಿನ, ಆಮೇಲೆ 3, 7, 28ನೇ ದಿನ ಅಂತ ಹಾಕುತ್ತಾರೆ. ರಕ್ತ ಬಂದ ಗಾಯವಾಗಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧ ಕೂಡಲೇ ಕೆಲಸ ಮಾಡುವ ಚುಚ್ಚುಮದ್ದು) ಕೂಡ ಬೇಕು. ಒಂದು ಡೋಸನ್ನೂ ಬಿಡಬೇಡಿ. ಓದುವ ಎಲ್ಲರಿಗೂ: ಕಚ್ಚಿದ ಕೂಡಲೇ ನಲ್ಲಿ ನೀರು ಬಿಟ್ಟು ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನ ಪುಡಿ ಯಾವುದೂ ಬೇಡ. ರೇಬೀಸ್ ಲಕ್ಷಣ ಶುರುವಾದ ಮೇಲೆ ಔಷಧಿ ಇಲ್ಲ.

ಆಸ್ಪತ್ರೆ ಕೇಳುವುದರಲ್ಲಿ ನಾವೂ ನಿಮ್ಮ ಜೊತೆಗಿದ್ದೇವೆ. ಇದು ಅದಕ್ಕೆ ಎದುರು ಅಲ್ಲ. ಮನೆಯಿಂದ ಬೀದಿಗೆ ಬಂದ ನಾಯಿ ಹೆದರಿರುತ್ತದೆ, ಹಸಿದಿರುತ್ತದೆ, ಅಲ್ಲಿನ ನಾಯಿಗಳು ಅದನ್ನು ಸೇರಿಸಿಕೊಳ್ಳುವುದಿಲ್ಲ. ಬೀದಿಯಲ್ಲಿ ಮರಿ ಹಾಕಿದ ತಾಯಿ ಹತ್ತಿರ ಬಂದವರ ಮೇಲೆ ಎರಗುತ್ತದೆ. ಕಚ್ಚುವುದು ಕಡಿಮೆ ಆಗಬೇಕಾದರೆ ಬೀದಿಗೆ ಬರುವುದು ನಿಲ್ಲಬೇಕು, ಮರಿ ಹಾಕುವುದು ನಿಲ್ಲಬೇಕು, ಇರುವವಕ್ಕೆ ಲಸಿಕೆ ಆಗಬೇಕು. ಒಂದು ಊರಿನ ನಾಯಿಗಳಲ್ಲಿ 70% ಲಸಿಕೆ ಆದರೆ ರೇಬೀಸ್ ಹರಡುವುದು ನಿಲ್ಲುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾಳಿ ಸೇತುವೆ ದಾಟಿ ಮಾಜಾಳಿ ಆಚೆ ಹೋದರೆ ಗೋವಾ. ಅಲ್ಲಿ ಸರ್ಕಾರವೂ ಮಿಷನ್ ರೇಬೀಸ್ ಸಂಸ್ಥೆಯೂ ಸೇರಿ ವರ್ಷ ವರ್ಷ ಬೀದಿ ನಾಯಿಗಳನ್ನು ಬಲೆಯಲ್ಲಿ ಹಿಡಿದು, ಸೂಜಿ ಹಾಕಿ, ಬಣ್ಣದ ಗುರುತು ಹಚ್ಚಿ ಬಿಟ್ಟಿದ್ದಾರೆ. ಶಾಲೆಗಳಿಗೆ ಹೋಗಿ ಮಕ್ಕಳಿಗೂ ಹೇಳಿಕೊಟ್ಟಿದ್ದಾರೆ. ನಮ್ಮ ಕಡೆಯೂ ಆಗಬೇಕು.

ನಿಮ್ಮ ರಸ್ತೆ ಯಾವುದು ಅಂತ ನನಗೆ ಒಳಪೆಟ್ಟಿಗೆಯಲ್ಲಿ ಹೇಳಿ. ಅಲ್ಲಿ ಮರಿ ಹಾಕಿದ ನಾಯಿ ಇದೆಯಾ ನೋಡಿಕೊಂಡು ಬರುತ್ತೇವೆ. ನಗರಸಭೆಗೆ ದೂರು ಬರೆಯಲು ಜೊತೆಗೆ ಬರುತ್ತೇನೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಬೀದಿ ನಾಯಿಗಳಿಗೆ ಆಪರೇಷನ್, ಲಸಿಕೆ ಮಾಡಿಸುವುದು ಅವರದೇ ಕರ್ತವ್ಯ.

ಎರಡು ಮಕ್ಕಳ ತಾಯಿ

ಮೂರು ಡೋಸ್ ಆಗಿದೆ. ಕೊನೆಯದು ಬಾಕಿ. ರಸ್ತೆ ಹೆಸರು ಕಳಿಸಿದ್ದೇನೆ.

ಕುಡ್ಲೆ ಅಂಗಡಿ

ನಾನು ಬೀಚಿನಲ್ಲಿ ಚಹಾ ಅಂಗಡಿ ನಡೆಸುತ್ತೇನೆ. ಸೀಸನ್‌ನಲ್ಲಿ ನಾಯಿಗಳಿಗೆ ಹಬ್ಬ. ಆಮ್ಲೆಟ್, ಪರೋಟ, ಪಿಜ್ಜಾ. ಒಬ್ಬೊಬ್ಬರು ಒಂದೊಂದು ಹೆಸರು ಇಟ್ಟು ಕರೆಯುತ್ತಾರೆ, ರಾತ್ರಿ ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಾರೆ. ಏಪ್ರಿಲ್ ಮುಗಿದರೆ ಎಲ್ಲರೂ ಹೋದರು. ನಾವೂ ಶೀಟ್ ಬಿಚ್ಚಿ ಮೇಲಿನ ಮನೆಗೆ ಹೋಗುತ್ತೇವೆ. ನಾಯಿಗಳು ಮಾತ್ರ ಕಂಬ ಇದ್ದ ಜಾಗದಲ್ಲೇ ಮಲಗಿರುತ್ತವೆ. ನಾನು ಮನೆಯಿಂದ ಗಂಜಿ ಒಯ್ದು ಹಾಕುತ್ತೇನೆ, ದೊಡ್ಡ ಮಳೆ ಬಂದ ದಿನ ಇಳಿಯಲು ಆಗುವುದಿಲ್ಲ.

ಕಡಲಾಮೆ ಮೊಟ್ಟೆಯ ಸಮಸ್ಯೆಯೂ ಇದೆ. ಆಲಿವ್ ರಿಡ್ಲೆ ಆಮೆಗಳು ದಂಡೆಗೆ ಬಂದು ಮೊಟ್ಟೆ ಇಡುತ್ತವೆ, ಹಸಿದ ನಾಯಿಗಳು ಅಗೆದು ತಿನ್ನುತ್ತವೆ. ಅರಣ್ಯ ಇಲಾಖೆಯವರು ಗೂಡಿನ ಸುತ್ತ ಬಲೆ ಕಟ್ಟುತ್ತಾರೆ. ಬೀಚಿನಲ್ಲಿ ನಾಯಿ ಜಾಸ್ತಿ ಆದರೆ ಆಮೆಗೆ ಸಂಕಟ, ನಾಯಿಯನ್ನು ಓಡಿಸಿದರೆ ನಾಯಿಗೆ ಸಂಕಟ.

ಪ್ರವಾಸಿಗರು ಮರಿ ಒಯ್ಯುತ್ತೇವೆ ಅಂತ ಕೇಳುತ್ತಾರೆ. ಕೊಡಬಹುದಾ?

ಕಾಳಿದಂಡೆ

ಅಕ್ಕ, ನೀವು ಗಂಜಿ ಹಾಕುತ್ತಿರುವುದಕ್ಕೆ ಏನು ಹೇಳಲಿ. ಮಳೆ ಜೋರಾದ ದಿನಕ್ಕೆ ಒಣ ನಾಯಿ ಆಹಾರದ ಚೀಲ ಕಳಿಸುತ್ತೇವೆ. ಮಧ್ಯೆ ಮಳೆ ಬಿಟ್ಟಾಗ ಹಾಕಿದರೂ ನಡೆಯುತ್ತದೆ. ಅಲ್ಲಿನ ಹೆಣ್ಣು ನಾಯಿಗಳ ಲೆಕ್ಕ ಇದ್ದರೆ ಕೊಡಿ, ಆಪರೇಷನ್ ಕೆಲಸ ಅಲ್ಲಿಂದಲೇ ಶುರು ಮಾಡೋಣ. ಆಮೆಗೂ ಒಳ್ಳೆಯದು, ನಾಯಿಗೂ ಒಳ್ಳೆಯದು.

ಪ್ರವಾಸಿಗರಿಗೆ ಅಲ್ಲೇ ಕೈಗೆ ಕೊಡಬೇಡಿ. ರಜೆಯಲ್ಲಿ ಮನಸ್ಸು ಮೆತ್ತಗಿರುತ್ತದೆ. ಬೆಂಗಳೂರಿಗೆ ಮುಟ್ಟಿದ ಮೇಲೆ ಮನೆ ಮಾಲೀಕರು ಬೇಡ ಅನ್ನುತ್ತಾರೆ, ಮರಿ ಮತ್ತೆ ಬೀದಿಗೆ, ಅದೂ ಗುರುತಿಲ್ಲದ ಬೀದಿಗೆ. ನಿಜವಾಗಿ ಬೇಕಾದವರು ಊರಿಗೆ ಹೋಗಿ ಒಂದು ವಾರ ಬಿಟ್ಟು ಫೋನ್ ಮಾಡಲಿ. ಮಾಡಿದವರಿಗೆ ಕೊಡೋಣ. ಅಂಥವರೂ ಇದ್ದಾರೆ, ಬಹಳ ಚೆನ್ನಾಗಿ ಸಾಕಿದ್ದಾರೆ.

ಊರಿಗೆ ದೂರ

ನಮಸ್ಕಾರ. ನನ್ನ ಸಮಸ್ಯೆ ಬೇರೆ. ಶಿರಸಿ ಕಡೆ ನಮ್ಮ ಮನೆ, ನಾನಿರುವುದು ಬೆಂಗಳೂರಲ್ಲಿ. ಅಪ್ಪನಿಗೆ ಆರೋಗ್ಯ ಸರಿಯಿಲ್ಲ. ಅಪ್ಪ, ಅಮ್ಮ ಇಬ್ಬರನ್ನೂ ಮುಂದಿನ ತಿಂಗಳು ಇಲ್ಲಿಗೆ ಕರೆದುಕೊಂಡು ಬರುತ್ತೇವೆ. ಮನೆಗೆ ಬೀಗ ಬೀಳುತ್ತದೆ. ಅಲ್ಲಿ ಒಂದು ನಾಯಿ ಇದೆ, ಹತ್ತು ವರ್ಷದ್ದು. ಅಪ್ಪ ತೋಟಕ್ಕೆ ಹೋದರೆ ಹಿಂದೆ, ಸೊಪ್ಪಿನ ಬೆಟ್ಟಕ್ಕೆ ಹೋದರೆ ಮುಂದೆ. ಅಪ್ಪ ಬರುವುದಿಲ್ಲ ಅನ್ನುತ್ತಿರುವುದಕ್ಕೆ ಅರ್ಧ ಕಾರಣ ಅದೇ. ನಮ್ಮದು ಫ್ಲ್ಯಾಟ್. ಅದಕ್ಕೆ ಅಲ್ಲೇ ಯಾರಾದರೂ ಒಳ್ಳೆಯವರು ಸಿಗುತ್ತಾರಾ?

ತೋಟದಮನೆ

ನಮ್ಮ ಊರಲ್ಲೇ ಹೀಗೆ ಬೀಗ ಬಿದ್ದ ಮನೆಗಳು ಸುಮಾರಿವೆ. ತೋಟ ನೋಡಿಕೊಳ್ಳಲು ಬರುವವರಿಗೆ ನಾಯಿಗೂ ಅನ್ನ ಹಾಕಿ ಅಂತ ಹೇಳಿ ಹೋಗುತ್ತಾರೆ. ಅವರು ಬಂದ ದಿನ ಹಾಕುತ್ತಾರೆ. ಪಾಪ, ಅವರದೂ ತಪ್ಪಲ್ಲ. ರಾತ್ರಿ ದೀಪ ಇಲ್ಲದ ಮನೆ, ಜಗುಲಿಯಲ್ಲಿ ಒಂದೇ ನಾಯಿ. ಚಿರತೆಗೆ ಗೊತ್ತಾಗಲು ಎಷ್ಟು ಹೊತ್ತು.

ಸದಾಶಿವಗಡ 581

ಹತ್ತು ವರ್ಷದ ನಾಯಿಯನ್ನು ಯಾರು ಒಯ್ಯುತ್ತಾರೆ ಹೇಳಿ. ಕಷ್ಟ ಇದೆ.

ಕುಮಟಾ ಟೀಚರ್

ಇದಕ್ಕೇ ಶೆಲ್ಟರ್ ಬೇಕಿತ್ತು ಅನ್ನಿಸುತ್ತದೆ.

ಕಾಳಿದಂಡೆ

ಟೀಚರ್, ನನಗೆ ಹಾಗೆ ಅನ್ನಿಸುವುದಿಲ್ಲ. ಹತ್ತು ವರ್ಷ ತೋಟ ಬೆಟ್ಟ ತಿರುಗಿದ ನಾಯಿಯನ್ನು ಜಾಲರಿಯ ಒಳಗೆ ಐವತ್ತು ನಾಯಿಗಳ ನಡುವೆ ಬಿಟ್ಟರೆ ಊಟ ಬಿಡುತ್ತದೆ. ಅದಕ್ಕೆ ಬೇಕಾದ್ದು ಅಪ್ಪ.

ಅಣ್ಣ, ನೀವು ಬೀಗ ಹಾಕುವ ಮೊದಲೇ ಕೇಳಿದ್ದೀರಿ. ಅದೇ ದೊಡ್ಡದು. ಹುಡುಕಿದರೆ ಯಾರಾದರೂ ಸಿಕ್ಕಾರು. ಆದರೆ ನನ್ನ ಮಾತು ಕೇಳಿದರೆ, ಬೆಂಗಳೂರಿಗೇ ಕರೆದುಕೊಂಡು ಹೋಗಿ. ಫ್ಲ್ಯಾಟಿನಲ್ಲಿ ನಾಯಿ ಇಡಬಾರದು ಅಂತ ಅಸೋಸಿಯೇಷನ್‌ನವರು ನಿಷೇಧ ಮಾಡುವ ಹಾಗಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಲಿಫ್ಟ್ ಬಳಸಬಾರದು ಅನ್ನುವಂತಿಲ್ಲ. ಸ್ವಚ್ಛವಾಗಿ ಇಟ್ಟುಕೊಳ್ಳುವುದು, ಲಸಿಕೆ ಹಾಕಿಸುವುದು ನಿಮ್ಮ ಜವಾಬ್ದಾರಿ. ಹತ್ತು ವರ್ಷದ ನಾಯಿ ಹೆಚ್ಚು ಹೊತ್ತು ಮಲಗುತ್ತದೆ. ಬೆಳಿಗ್ಗೆ ಸಂಜೆ ನಿಮ್ಮಪ್ಪನೇ ಕೆಳಗೆ ಕರೆದುಕೊಂಡು ಹೋಗಲಿ. ತೋಟ ಬಿಟ್ಟು ಬಂದ ಮನುಷ್ಯನಿಗೆ ದಿನಕ್ಕೆ ಎರಡು ಸಲ ಮನೆಯಿಂದ ಹೊರಗೆ ಬರಲು ಒಂದು ಕೆಲಸ ಇರುತ್ತದೆ. ಅದು ಅವರಿಗೂ ಬೇಕು.

ಹಳೇ ಇನ್‌ಸ್ಪೆಕ್ಟರ್

ಹೊರಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ತೋಟದ ನಾಯಿಗೆ ಉಣ್ಣಿಜ್ವರ ಒಳಗೇ ಇರಬಹುದು. ರೇಬೀಸ್ ಲಸಿಕೆಯ ಚೀಟಿ ಇಟ್ಟುಕೊಳ್ಳಿ. ಈಗಿನಿಂದಲೇ ಬೆಲ್ಟ್ ಹಾಕಿ ದಿನಾ ಸ್ವಲ್ಪ ಹೊತ್ತು ಹಗ್ಗದಲ್ಲಿ ನಡೆಸಲು ಹೇಳಿ. ಕಾರಿನಲ್ಲಿ ಕೂರಿಸಿ ಹತ್ತಿರದಲ್ಲೇ ಒಂದು ಸುತ್ತು ಹಾಕಿ. ಹೊರಡುವ ದಿನ ನಾಲ್ಕೈದು ತಾಸು ಮೊದಲೇ ಊಟ ಮುಗಿಸಿ. ದಾರಿಯಲ್ಲಿ ಇಳಿಸುವಾಗ ಹಗ್ಗ ಕೈಗೆ ಸುತ್ತಿಕೊಂಡೇ ಬಾಗಿಲು ತೆಗೆಯಿರಿ. ಗುರುತಿಲ್ಲದ ಜಾಗದಲ್ಲಿ ಹೆದರಿ ಓಡಿದರೆ ಸಿಗುವುದಿಲ್ಲ.

ಊರಿಗೆ ದೂರ

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಬೆಲ್ಟು ಎಷ್ಟಕ್ಕೆ ಸಿಗುತ್ತದೆ" ಅಂತ ಕೇಳಿದರು. ಕರೆದುಕೊಂಡು ಬರುತ್ತೇವೆ.

ಕುಮಟಾ ಟೀಚರ್

ಒಳ್ಳೆಯದಾಯಿತು. ಆ ಲ್ಯಾಬ್ರಡಾರ್ ಬಗ್ಗೆ ಕೇಳಬೇಕಿತ್ತು. ನಾನು, ನನ್ನ ತಂಗಿ ಇಬ್ಬರೇ ಇರುವುದು. ಸ್ವಂತ ಮನೆ, ಸುತ್ತ ಪಾಗಾರ ಇದೆ. ನಮಗೆ ಮರಿ ಬೇಡ, ಓಡಿಸಿಕೊಂಡು ಹೋಗಲು ಆಗುವುದಿಲ್ಲ. ದೊಡ್ಡದೇ ಅಡ್ಡಿಲ್ಲ. ಏನೇನು ಕೇಳುತ್ತೀರಿ, ಹೇಗೆ ಕೊಡುತ್ತೀರಿ?

ಕಾಳಿದಂಡೆ

ಟೀಚರ್, ಇದನ್ನು ಓದಿ ಎದ್ದು ನಿಂತೆ. ಹೇಗೆ ಕೊಡುತ್ತೇವೆ ಅನ್ನುವುದನ್ನು ಎಲ್ಲರಿಗೂ ಸೇರಿಸಿ ಬರೆಯುತ್ತೇನೆ, ಬೇರೆ ಊರಲ್ಲಿ ಈ ಕೆಲಸ ಮಾಡುವವರಿಗೂ ಬೇಕಾಗಬಹುದು.

ಮೊದಲು ಮನೆಗೆ ಬಂದು ನೋಡುತ್ತೇವೆ. ಸಂಶಯದಿಂದ ಅಲ್ಲ. ಎಲ್ಲಿ ಮಲಗುತ್ತದೆ, ಮಳೆ ಎರಚಲು ಬೀಳುತ್ತದಾ, ಗೇಟಿನ ಕೆಳಗೆ ನುಸುಳುವಷ್ಟು ಜಾಗ ಇದೆಯಾ, ಬಾವಿಗೆ ಕಟ್ಟೆ ಇದೆಯಾ ಅಂತ ನೋಡಬೇಕು. ಮನೆಯಲ್ಲಿ ಇರುವ ಎಲ್ಲರ ಹತ್ತಿರ ಮಾತಾಡುತ್ತೇವೆ. ಮಗ ಆಸೆಪಟ್ಟು ಒಯ್ಯುತ್ತಾನೆ, ಅಜ್ಜಿಗೆ ನಾಯಿ ಮೈಲಿಗೆ. ಆ ಮನೆಯಲ್ಲಿ ನಾಯಿ ಹಿತ್ತಲ ಸರಪಳಿಗೆ ಹೋಗುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರ ಬಾಯಿಂದಲೇ ಹೂಂ ಅನ್ನಿಸಿಕೊಳ್ಳುತ್ತೇವೆ. ಹುಟ್ಟುಹಬ್ಬಕ್ಕೆ ಮಕ್ಕಳಿಗೆ ಉಡುಗೊರೆ ಅಂತ ಕೇಳಿದರೆ ಕೊಡುವುದಿಲ್ಲ. ದೊಡ್ಡವರಿಗೆ ಬೇಕಾಗಿದ್ದರೆ ಮಾತ್ರ ಕೊಡುತ್ತೇವೆ, ಯಾಕೆಂದರೆ ಹೇಲು ಎತ್ತುವುದು ಅವರೇ.

ಒಂದು ಪ್ರಶ್ನೆ ಎಲ್ಲರಿಗೂ ಕೇಳುತ್ತೇವೆ. ನೀವು ಊರಿಗೆ, ಮದುವೆಗೆ, ಆಸ್ಪತ್ರೆಗೆ ಹೋದರೆ ಅನ್ನ ಹಾಕುವವರು ಯಾರು? ಈ ಪ್ರಶ್ನೆಗೆ ಒಬ್ಬರ ಹೆಸರು ಹೇಳಿದವರ ಮನೆಯಲ್ಲಿ ನಾಯಿ ಉಳಿಯುತ್ತದೆ. "ನೋಡೋಣ" ಅಂದವರಿಗೆ ಇನ್ನೂ 15 ದಿನ ಯೋಚಿಸಿ ಅನ್ನುತ್ತೇವೆ. ಬೇಜಾರಾಗಿ ಬೈದು ಹೋದವರೂ ಇದ್ದಾರೆ. ಪರವಾಗಿಲ್ಲ.

ಆಮೇಲೆ ಒಂದು ಕಾಗದ. ಆಪರೇಷನ್, ಲಸಿಕೆ ಮಾಡಿಸುತ್ತೇನೆ, ಬೇರೆಯವರಿಗೆ ಕೊಡುವುದಿಲ್ಲ, ಸಾಕಲು ಆಗದಿದ್ದರೆ ನಿಮಗೇ ವಾಪಸ್ ಕೊಡುತ್ತೇನೆ ಅಂತ. ಈ ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ. ವಾಪಸ್ ತಂದವರನ್ನು ನಾವು ಒಂದು ಮಾತೂ ಅನ್ನುವುದಿಲ್ಲ. ಬೈದರೆ ಮುಂದಿನವರು ತರುವುದಿಲ್ಲ, ರಾತ್ರಿ ದೇವಿಮನೆ ಘಟ್ಟದಲ್ಲಿ ಬಿಟ್ಟು ಹೋಗುತ್ತಾರೆ.

ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ಒದ್ದಾಡುವ ಹಾಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಆದರೆ ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. ಇವತ್ತು ಐವತ್ತು ರೂಪಾಯಿಗೆ ಯಾರು ಹೆದರುತ್ತಾರೆ? ಹಾಗಾಗಿ ವಾಪಸ್ ತರುವ ಬಾಗಿಲು ತೆರೆದಿಡುವುದೇ ನಮ್ಮ ಕೈಯಲ್ಲಿರುವುದು. ವಿಷ ಹಾಕಿ ಕೊಲ್ಲುವುದು, ಕೈಕಾಲು ಮುರಿಯುವುದು ಬೇರೆ ವಿಷಯ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 325ರಲ್ಲಿ ಅದಕ್ಕೆ ಐದು ವರ್ಷದ ತನಕ ಜೈಲು ಇದೆ. ಅಂಥದ್ದು ಕಂಡರೆ ಫೋಟೋ ತೆಗೆದು ಠಾಣೆಗೆ ಹೋಗಿ.

ಟೀಚರ್, ನಿಮ್ಮ ಮನೆ ನೋಡಲು ಭಾನುವಾರ ಬರಬಹುದಾ? ಅವನನ್ನೂ ಕರೆದುಕೊಂಡೇ ಬರುತ್ತೇನೆ. ಸೊಂಟ ಸ್ವಲ್ಪ ನೋಯುತ್ತದೆ, ಮೆಟ್ಟಿಲು ಜಾಸ್ತಿ ಇದ್ದರೆ ಹೇಳಿ.

ಕುಮಟಾ ಟೀಚರ್

ಮೆಟ್ಟಿಲು ಎರಡೇ. ಬನ್ನಿ. ಮಧ್ಯಾಹ್ನ ಊಟಕ್ಕೆ ಇಲ್ಲೇ ಇರಬೇಕು.

ಗೇರುಬೆಟ್ಟ

ಹೈವೇಯಲ್ಲಿ ಮಲಗುವ ದನ ಕರುಗಳಿಗೂ ಏನಾದರೂ ಮಾಡಿ. ರಾತ್ರಿ ಕಾಣುವುದೇ ಇಲ್ಲ.

ಕಾಳಿದಂಡೆ

ಅದು ದೊಡ್ಡ ವಿಷಯ, ಬೇರೆ ಚರ್ಚೆ ತೆರೆಯಿರಿ, ನಾವೆಲ್ಲ ಬರುತ್ತೇವೆ. ಸದ್ಯಕ್ಕೆ: ಪೆಟ್ಟಾದ ದನ ಕಂಡರೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಗಾಡಿ ಬರುತ್ತದೆ. ಗಿಳಿ, ಆಮೆ, ಹಾವು, ಮಂಗ ಇಂಥ ಕಾಡು ಪ್ರಾಣಿ ಸಿಕ್ಕರೆ ಮನೆಯಲ್ಲಿ ಇಟ್ಟುಕೊಳ್ಳದೆ ಅರಣ್ಯ ಇಲಾಖೆಗೇ ಹೇಳಬೇಕು. ಅವುಗಳನ್ನು ದತ್ತು ಕೊಡಲು ಬರುವುದಿಲ್ಲ.

ತೋಟದಮನೆ

ಮನೆಯಲ್ಲಿ ಕೇಳಿದೆ. ಹೆಂಡತಿ ಹೇಳಿದಳು, "ಹೆಣ್ಣಾದರೇನು, ಆಪರೇಷನ್ ಮಾಡಿಸಿಕೊಡ್ತಾರಲ್ಲ." ಆ ಕಂದು ಮರಿ ನಮಗಿರಲಿ. ಕಟ್ಟಿಗೆಮನೆಗೆ ಹೊಸ ಬಾಗಿಲು ಹಾಕಿಸುತ್ತಿದ್ದೇನೆ. ಬಿಳಿಯದಕ್ಕೂ ನಮ್ಮ ಪಕ್ಕದ ಮನೆಯವರನ್ನು ಕೇಳಿ ನೋಡುತ್ತೇನೆ, ಖಾತ್ರಿ ಇಲ್ಲ.

ಕಾಳಿದಂಡೆ

ಬಹಳ ಸಂತೋಷ! ಎರಡನೇ ಲಸಿಕೆ ಆದ ಮೇಲೆ ಕೊಡುತ್ತೇವೆ. ಪಕ್ಕದ ಮನೆಯವರಿಗೆ ಒತ್ತಾಯ ಮಾಡಬೇಡಿ, ಅವರಿಗೇ ಬೇಕು ಅನ್ನಿಸಲಿ.

ಬೈತಖೋಲ ಹುಡುಗ

ಅಕ್ಕ, ನನ್ನ ಕಾಮೆಂಟ್ ತೆಗೆದಿದ್ದೇನೆ. ಬೆಕ್ಕಿನ ಮರಿ ಮೂರೂ ನಮ್ಮ ಮನೆಗೆ ತರುತ್ತೇನೆ, ಮನೆ ಸಿಗುವ ತನಕ. ದೋಣಿ ಬಂದ್ ಆದ ಮೇಲೆ ನಾನು ಮನೆಯಲ್ಲೇ ಇರುತ್ತೇನೆ, ರಾತ್ರಿ ಎದ್ದು ಹಾಲು ಕುಡಿಸಲು ಆಗುತ್ತದೆ.

ಅವರ್ಸಾ

ಈಗಷ್ಟೇ ನೋಡಿದೆ. ಅಂಕೋಲಾ ಬಸ್ ಸ್ಟ್ಯಾಂಡ್ ಹತ್ತಿರ ಗಟಾರದ ಪಕ್ಕ ಒಂದು ದೊಡ್ಡ ಬೆಕ್ಕು ಕೂತಿದೆ. ಬಿಳಿ, ಉದ್ದ ಕೂದಲು, ಮನೆಯದೇ ಇರಬೇಕು. ಹಿಂದಿನ ಕಾಲು ಎತ್ತಿಕೊಂಡಿದೆ. ಹತ್ತಿರ ಹೋದರೆ ಬುಸ್ ಅನ್ನುತ್ತದೆ. ಏನು ಮಾಡಲಿ?

ಹಳೇ ಇನ್‌ಸ್ಪೆಕ್ಟರ್

ಬರಿಗೈಯಲ್ಲಿ ಹಿಡಿಯಬೇಡಿ. ದಪ್ಪ ಟವೆಲ್ ತಲೆಯ ಮೇಲಿಂದ ಪೂರ್ತಿ ಹೊದಿಸಿ, ಹಾಗೇ ಸುತ್ತಿ ಎತ್ತಿ. ಮುಚ್ಚಳ ಇರುವ ಬುಟ್ಟಿ ಅಥವಾ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಇಡಿ. ಕಾಲಿಗೆ ನೀವೇ ಪಟ್ಟಿ ಕಟ್ಟಬೇಡಿ. ಮನುಷ್ಯರ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ. ಕಚ್ಚಿದರೆ, ಪರಚಿದರೆ ಸೋಪು ನೀರಲ್ಲಿ ತೊಳೆದು ನೀವೂ ಆಸ್ಪತ್ರೆಗೆ ಹೋಗಿ.

ಕಾಳಿದಂಡೆ

ಪಶು ಆಸ್ಪತ್ರೆ ಬಾಗಿಲು ಹಾಕುವ ಮೊದಲು ಮುಟ್ಟಬೇಕು. ಅಂಕೋಲಾದಲ್ಲಿ ಯಾರಾದರೂ ಗಾಡಿ ಇರುವವರು ಇದ್ದೀರಾ?

ಗೇರುಬೆಟ್ಟ

ನಾನು ಅಂಕೋಲಾದಲ್ಲೇ ಇದ್ದೇನೆ. ಅಂಗಡಿಯಲ್ಲಿ ಟವೆಲ್ ತೆಗೆದುಕೊಂಡು ಹತ್ತು ನಿಮಿಷದಲ್ಲಿ ಬರುತ್ತೇನೆ. ಅವರ್ಸಾದವರೇ, ಅದರ ಮೇಲೆ ಕಣ್ಣಿಟ್ಟು ದೂರವೇ ನಿಂತಿರಿ.